ಹಸಿದದ್ದಕ್ಕೆ ಹನಿ ಹನಿ

ಯೀಸ್ಟ್ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಹನಿಯಕ್ಕ ಎಂದೇ ಕರೆಯುತ್ತಿದ್ದರು. ಎರಡಾಳೆತ್ತರದ ಟ್ಯಾಂಕಿನಲ್ಲಿ ಬೆಳೆಯುವ ಯೀಸ್ಟಿಗೆ ಆಹಾರವಾಗಿ ಮಾಲ್ಟ್ ಸಕ್ಕರೆಯ ಪಾಕ ಬಿಡುವುದು ಅವಳ ಕೆಲಸ. ಅವಳು ಹನಿ ಹನಿಯಾಗಿ ಬಿಡುತ್ತಿದ್ದ ಪರಿ ನೋಡಿದರೆ ಜಿಪುಣರಿಗೇ ನಾಚಿಕೆಯಾಗಬೇಕು.

"ಏನಕ್ಕಾ, ನಿಮ್ಮಪ್ಪನ ಮನೆ ಗಂಟು ಕರಗುತ್ತಾ?" ಎಂದು ಪ್ಯಾಕಿಂಗಿನವರು ರೇಗಿಸುತ್ತಿದ್ದರು.

"ಬನ್ನಿ, ನಿಮ್ಮ ಗಂಟಲಿಗೇ ಸುರೀತೀನಿ," ಎನ್ನುತ್ತಿದ್ದಳು ಅವಳು, ವಾಲ್ವಿನಿಂದ ಕೈ ತೆಗೆಯದೆ.

ಆ ಜಿಪುಣತನಕ್ಕೆ ಕಾರಣವಿತ್ತು. ಸೇರಿದ ಹೊಸದರಲ್ಲಿ ಒಮ್ಮೆ ಪಂಪು ಕೆಟ್ಟು ಯೀಸ್ಟು ಉಪವಾಸ ಬಿದ್ದಿತ್ತು. ಪಂಪು ಸರಿಹೋದದ್ದೇ ತಡ, ಪಾಪ ಅನ್ನಿಸಿ ವಾಲ್ವು ಪೂರ್ತಿ ತಿರುಗಿಸಿಬಿಟ್ಟಳು. ಟ್ಯಾಂಕಿನಲ್ಲಿ ಅರ್ಧಕ್ಕರ್ಧ ಸತ್ತುಹೋಯಿತು. ಲ್ಯಾಬಿನ ಮೇಡಂ ಅವಳನ್ನು ಕೂರಿಸಿಕೊಂಡು ಹೇಳಿದರು: "ನೋಡಮ್ಮ, ಒಂದೊಂದು ಜೀವಕೋಶದ ಸುತ್ತಲೂ ಪೊರೆ ಇರುತ್ತೆ. ಆ ಪೊರೆಯಲ್ಲಿ ಸಕ್ಕರೆ ಒಳಗೆಳೆಯೋ ಬಾಗಿಲುಗಳಿರುತ್ತೆ. ಹೊಟ್ಟೆಗಿಲ್ಲದಾಗ ಸಿಕ್ಕಿದ್ದನ್ನ ಬಿಡಬಾರದು ಅಂತ ಅದು ಬಾಗಿಲು ಹೆಚ್ಚಿಸಿಕೊಳ್ಳುತ್ತೆ. ಅಂಥ ಹೊತ್ತಲ್ಲಿ ನೀನು ಹೊಳೆ ಹರಿಸಿದ್ರೆ? ಮುಚ್ಚೋಕೆ ಪುರಸೊತ್ತು ಸಿಗಲ್ಲ, ನುಗ್ಗಿದ ಸಕ್ಕರೇನೇ ಅದನ್ನ ಕೊಲ್ಲುತ್ತೆ." ಆ ಮಾತು ಅವಳ ಕೈಗೆ ಹತ್ತಿಬಿಟ್ಟಿತು.

ಅವಳಿಗೊಬ್ಬ ತಮ್ಮ, ದರ್ಜಿ. ಹೆಂಡತಿ ತೀರಿಕೊಂಡ ಮೇಲೆ ಬಾಡಿಗೆ ಕೋಣೆಯ ಚಿಲಕ ಹಾಕಿಕೊಂಡು ಕೂತುಬಿಟ್ಟ. ಅಕ್ಕ ಹೋಗಿ ಬಡಿದರೆ ಒಳಗಿನಿಂದಲೇ, "ಊಟ ಆಯ್ತು, ಹೋಗಕ್ಕಾ," ಎನ್ನುತ್ತಿದ್ದ. ಹಸಿ ಸುಳ್ಳು! ಕೊನೆಗೆ ದನಿಯೂ ನಿಂತಾಗ ಮನೆ ಮಾಲೀಕ ಚಿಲಕ ಮುರಿದ. ಹೊಲಿಗೆ ಯಂತ್ರದ ಪಕ್ಕ ಮಲಗಿದ್ದವನಲ್ಲಿ ಮೂಳೆ ಚರ್ಮ ಬಿಟ್ಟರೆ ಏನೂ ಉಳಿದಿರಲಿಲ್ಲ. ಅಕ್ಕನ ಮುಖ ನೋಡಿ, "ಹಸಿವಾಗ್ತಿದೆ ಕಣಕ್ಕಾ," ಅಂದ.

ಅಬ್ಬಾ, ಅವಳಿಗಾದ ಸಂತೋಷ! ಮನೆಗೆ ಕರೆತಂದು ಬ್ರೆಡ್ಡಿಗೆ ದಪ್ಪಗೆ ಬೆಣ್ಣೆ ಸವರಿದಳು, ಹಾಲಿಗೆ ಸಕ್ಕರೆ ಸುರಿದಳು. ಅವನು ಬೇಡವೆನ್ನಲಿಲ್ಲ, ಅವಳು ಸಾಕೆನ್ನಲಿಲ್ಲ. ಅಮ್ಮ ಪಕ್ಕದಲ್ಲಿ ಕೂತು ಕಣ್ತುಂಬ ನೋಡಿದಳು. ಮರುದಿನವೂ ಅದೇ. ಆಮೇಲೆ ಅವನ ಪಾದ ಊದಿತು, ಉಸಿರು ಕಟ್ಟತೊಡಗಿತು. ಆಸ್ಪತ್ರೆಗೆ ಒಯ್ದರೂ ಹೃದಯ ನಿಂತೇ ಹೋಯಿತು.

"ಇಷ್ಟು ದಿನ ಉಪವಾಸ ಇದ್ದವರಿಗೆ ಚೂರು ಚೂರೇ ಕೊಡಬೇಕಿತ್ತಮ್ಮ," ಎಂದರು ಡಾಕ್ಟರು. "ಒಮ್ಮೆಲೇ ಸಕ್ಕರೆ ಸಿಕ್ಕರೆ ರಕ್ತದಲ್ಲಿರೋ ಲವಣಗಳನ್ನೆಲ್ಲ ಜೀವಕೋಶಗಳು ಒಳಗೆಳೆದುಕೊಳ್ಳುತ್ತವೆ. ಹೃದಯ ತಡೆಯೋದಿಲ್ಲ."

ಹನಿಯಕ್ಕನಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ವಾಲ್ವಿನ ಮುಂದಿದ್ದ ಬುದ್ಧಿ ಒಲೆಯ ಮುಂದೆ ಯಾಕೆ ಬರಲಿಲ್ಲವೋ! ಯಾರಿಗೆ ಬರುತ್ತದೆ ಹೇಳಿ? ಒಡಹುಟ್ಟಿದವನು ಹಸಿವು ಅಂದಾಗ ಅಳೆದು ಬಡಿಸುವ ಅಕ್ಕ ಎಲ್ಲಿದ್ದಾಳೆ? ನಾವು ಹಾಗೆ ಹೇಳಬಹುದು. ಅವಳಿಗೆ ಹಾಗನ್ನಿಸಲಿಲ್ಲ.

ಡಾಕ್ಟರು ಹೇಳಿದ್ದು ಅಮ್ಮನಿಗೆ ಗೊತ್ತಿರಲಿಲ್ಲ. ಮಾತನಾಡಿಸಲು ಬಂದವರ ಮುಂದೆ ಅಮ್ಮ ಮಗಳ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. "ನನ್ನ ಮಗ ಹಸ್ಕೊಂಡು ಸಾಯಲಿಲ್ಲ ಕಣ್ರೀ. ಈ ಕೈಯಿಂದ ಹೊಟ್ಟೆ ತುಂಬ ತಿಂದು ಹೋದ. ನನಗೆ ಅದೊಂದೇ ಸಮಾಧಾನ."

ಹನಿಯಕ್ಕ ಕೈ ಬಿಡಿಸಿಕೊಳ್ಳಲಿಲ್ಲ, ಡಾಕ್ಟರು ಹೇಳಿದ್ದನ್ನು ಅಮ್ಮನಿಗೆ ಎಂದೂ ಹೇಳಲಿಲ್ಲ.