ಊಟ ಆತ್ರಿ

ತಿಳವಳ್ಳಿಯ ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿ ಚಿಕ್ಕೇರೂರು ಕಡೆಯ ಹುಡುಗಿಯೊಬ್ಬಳು ಬಾಡಿಗೆಗಿದ್ದಳು. ಸಕ್ಕರೆ ಕಾಯಿಲೆಯವರು ಗುಳಿಗೆಯನ್ನು ಹೇಳಿದಂತೆ ಯಾಕೆ ನುಂಗುವುದಿಲ್ಲ ಎಂಬುದರ ಮೇಲೆ ಆಕೆಯ ಪಿಎಚ್.ಡಿ. ಅದಕ್ಕಾಗಿ ಯಾರ ಮನೆಗೆ ಹೋದರೂ ಓಢಣಿಯ ತುದಿಯಿಂದ ಕನ್ನಡಕ ಒರೆಸಿಕೊಂಡೇ ಮಾತಿಗೆ ಕೂರುವಳು. ಮೊದಲ ಪ್ರಶ್ನೆ ಎಲ್ಲರಿಗೂ ಒಂದೇ: "ಊಟ ಆತೇನ್ರಿ?" ಎಲ್ಲರ ಉತ್ತರವೂ ಒಂದೇ: "ಆತ್ರಿ, ಈಗ ಆತು."

ಸಂಜೆ ಆಕೆ ಮೆಟ್ಟಿಲು ಹತ್ತುವಾಗ ನಮ್ಮವ್ವ ಅದನ್ನೇ ಕೇಳುವಳು. ಆಕೆಯೂ ಅದನ್ನೇ ಹೇಳಿ ಮೇಲೆ ಹೋಗುವಳು.

ಒಂದು ದಿನ ಒಂಟಿ ಮುದುಕಿಯೊಬ್ಬಳು "ಆತವ್ವಾ" ಎಂದವಳು ಮಾತಿನ ನಡುವೆಯೇ ಬೆವೆತು ಗೋಡೆಗೆ ಒರಗಿಬಿಟ್ಟಳಂತೆ. ಈಕೆ ಅವಳ ಬಾಯಿಗೆ ಸಕ್ಕರೆ ಹಾಕಿ, ತಿನ್ನಿಸಲು ಏನಾದರೂ ಇದೆಯೇ ಎಂದು ನೋಡಿದರೆ ರೊಟ್ಟಿ ಬುಟ್ಟಿ ಬರಿದು, ಒಲೆ ತಣ್ಣಗೆ. ಮುದುಕಿ ಬರೀ ಹೊಟ್ಟೆಯಲ್ಲೇ ಗುಳಿಗೆ ನುಂಗಿದ್ದಳು.

ಅಂದು ಸಂಜೆ ಆಕೆ ನಮ್ಮ ಕಟ್ಟೆಯ ಮೇಲೆ ಕುಸಿದು ಕುಳಿತಳು. "ಊಟ ಆಗಿಲ್ಲ ಅಂತ ಯಾರೂ ಹೇಳೂದ ಇಲ್ಲಲ್ರಿ, ಅವ್ವಾರ. ನಾ ಇಷ್ಟ ದಿನ ಕೇಳಿದ್ದೆಲ್ಲಾ ಸುಳ್ಳಾತು."

"ಮನಿಗೆ ಬಂದೋರ ಮುಂದ ಹಸದೇನಿ ಅಂತ ಹೆಂಗ ಹೇಳ್ತಾರವ್ವಾ? ಬೇಡಿದಂಗ ಆಗ್ತೈತಿ," ಎಂದಳು ಅವ್ವ.

ಆಕೆ ಕನ್ನಡಕ ಒರೆಸಿಕೊಂಡು ಎದ್ದಳು. ಮೆಟ್ಟಿಲ ಬಳಿ ಅವ್ವ ರೂಢಿಯಂತೆ ಕೇಳಿದಳು: "ಊಟ ಆತೇನವ್ವಾ?"

"ಆತ್ರಿ, ಈಗ ಆತು."

ಮಾಳಿಗೆಯ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು. ರಾತ್ರಿಯಾದರೂ ಮೇಲಿನಿಂದ ಪಾತ್ರೆಯ ಸದ್ದು ಕೇಳಿಸಲೇ ಇಲ್ಲ.