ಜಪಾನಿನ ಮೌನ, ಹುಕ್ಕೇರಿಯ ವೈರು

ಹೋದ ತಿಂಗಳು ಒಂದು ಮಂಗಳವಾರ, ಹುಕ್ಕೇರಿಯ ನಮ್ಮ ಮನೆಯಲ್ಲಿ ನಿಂತಲ್ಲೇ ನಿಂತು, ಒಂದೇ ಕೈಯಿಂದ ನಾನು ಜಪಾನಿನ ಪ್ರೊಫೆಸರ್ ಒಬ್ಬರನ್ನು ಮಾಯ ಮಾಡಿದೆ.

ಮಂತ್ರತಂತ್ರವೇನೂ ಅಲ್ಲ. ಗೋಡೆಯ ಪ್ಲಗ್ಗಿನಿಂದ ಇಂಟರ್ನೆಟ್ ಡಬ್ಬಿಯ ವೈರು ಕಿತ್ತೆ, ಅಷ್ಟೇ.

ಮೊದಲಿನಿಂದ ಹೇಳುತ್ತೇನೆ. ನನ್ನ ಹೆಂಡತಿಯ ತಂಗಿ ಮೂಡಲಗಿಯಲ್ಲಿದ್ದಾಳೆ. ಅವಳ ಗಂಡ, ಅಂದರೆ ನನ್ನ ಷಡ್ಡಕ ಬಸವರಾಜ, ಅಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. (ಷಡ್ಡಕರ ನಡುವಿನ ಪ್ರೀತಿ ಎಂಥದ್ದೆಂದು ನಿಮಗೆ ವಿವರಿಸಬೇಕಿಲ್ಲ. ಮಾವನ ಮನೆಯಲ್ಲಿ ಯಾರ ತಾಟಿಗೆ ತುಪ್ಪ ಮೊದಲು ಬಿತ್ತು ಎಂದು ನೋಡಿಕೊಂಡೇ ವಯಸ್ಸಾದವರು ನಾವು.) ಅವರ ಮಗಳು ಸುಷ್ಮಾ ಯೂನಿವರ್ಸಿಟಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಜೊತೆಗೆ ಜಪಾನಿ ಭಾಷೆ ಕಲಿಯುತ್ತಿದ್ದಾಳೆ.

ಎಲ್ಲಿ ಕಲಿತಳು? ಬಹುಪಾಲು ಮೂಡಲಗಿ-ಗೋಕಾಕ ಬಸ್ಸಿನಲ್ಲಿ! ಕಿವಿಗೆ ವೈರು ಸಿಕ್ಕಿಸಿಕೊಂಡು, ತುಟಿ ಅಲ್ಲಾಡಿಸುತ್ತ ಕೂರುತ್ತಾಳೆ. "ಇದ್ಯಾವ ದೇವರ ಮಂತ್ರನ ತಂಗಿ?" ಎಂದು ಕಂಡಕ್ಟರ್ ಕೇಳಿದ್ದನಂತೆ. ಅದೇ ಬಸ್ಸಿನಲ್ಲಿ ನಾನೂ ಎಷ್ಟೋ ಸಲ ಓಡಾಡಿದ್ದೇನೆ. ಬಾಯಿ ತೆರೆದು ನಿದ್ದೆ ಮಾಡಿದ್ದೇನೆ.

ಅವಳಿಗೆ ಜಪಾನಿಗೆ ಹೋಗಿ ಸವಳು ಭೂಮಿಯ ಮೇಲೆ ಸಂಶೋಧನೆ ಮಾಡಬೇಕಂತೆ. ನಮ್ಮ ಕಡೆ ಕಾಲುವೆ ನೀರು ಕುಡಿದೂ ಕುಡಿದೂ ಉಪ್ಪು ಕಾರುವ ಹೊಲಗಳಿವೆಯಲ್ಲ, ಜಪಾನಿನಲ್ಲಿ ಸಮುದ್ರದ ಅಂಚಿಗೂ ಅಂಥ ಗದ್ದೆಗಳಿವೆಯಂತೆ. ಅದನ್ನೇ ಓದಿಕೊಂಡ ಪ್ರೊಫೆಸರ್ ಒಬ್ಬರಿಗೆ ತಾನೇ ಮೇಲ್ ಬರೆದು, ಅವರ ಉತ್ತರವೂ ಬಂದು, ಸ್ಕಾಲರ್‌ಶಿಪ್ಪಿನ ಸಂದರ್ಶನದವರೆಗೆ ಮುಟ್ಟಿದ್ದಳು. ಇದ್ದದ್ದು ಒಂದೇ ಸೀಟು. "ಇದು ಆಗಲಿಲ್ಲಂದ್ರ ಮುಂದಿನ ವರ್ಷ ಮದವಿ" ಎಂದು ಷಡ್ಡಕ ಬೇರೆ ಹೇಳಿಯಾಗಿತ್ತು.

ನನಗೆ ಹೊಟ್ಟೆಕಿಚ್ಚಾಯಿತೇ? ಆಗದೆ ಇರುತ್ತದೆಯೇ?

ಜಪಾನಿನಲ್ಲಿ ಕೋಟಿಗಟ್ಟಲೆ ಜನರಿದ್ದಾರೆ. ಅವರು ಜಪಾನಿನಲ್ಲಿದ್ದಾರೆಂದು ನಾನೆಂದೂ ಸಂಕಟಪಟ್ಟವನಲ್ಲ. ಮೂಡಲಗಿಯಿಂದ ಒಬ್ಬಳು, ಅದರಲ್ಲೂ ಷಡ್ಡಕನ ಮಗಳು ಹೊರಟಳೆಂದರೆ ಮಾತ್ರ ಎದೆಯಲ್ಲಿ ಏನೋ ಹೊಗೆಯಾಡುತ್ತದೆ. ನಾನು ಈವರೆಗೆ ಕಂಡ ಅತಿ ದೊಡ್ಡ ನೀರು ಹಿಡಕಲ್ ಡ್ಯಾಮಿನದು. ಅವಳು ಸಮುದ್ರ ದಾಟುತ್ತಾಳಂತೆ!

ಸಂದರ್ಶನ ನಮ್ಮ ಮನೆಯಲ್ಲೇ ನಡೆಯಬೇಕೆಂದು ತೀರ್ಮಾನವಾಯಿತು. ಕಾರಣ, ನಮ್ಮ ಇಂಟರ್ನೆಟ್ ಗಟ್ಟಿ. (ಬಳಗದಲ್ಲಿ ನನಗಿರುವ ಮರ್ಯಾದೆ ಅಷ್ಟೇ, ಅದೂ ತಿಂಗಳ ಬಾಡಿಗೆಯದು.) ನಾಲ್ಕು ದಿನ ಮೊದಲೇ ಬಂದಳು. ಬಂದವಳು ಫ್ರಿಡ್ಜಿಗೆ, ಕೊಡಕ್ಕೆ, ಕನ್ನಡಿಗೆ ಜಪಾನಿ ಹೆಸರಿನ ಚೀಟಿ ಅಂಟಿಸಿದಳು. ಎರಡೇ ದಿನದಲ್ಲಿ ನನ್ನ ಹೆಂಡತಿ "ರೀ, ಮಿಜು ಕುಡೀತೀರೇನು?" ಎನ್ನತೊಡಗಿದಳು. ಮಿಜು ಅಂದರೆ ನೀರಂತೆ. ಮದುವೆಯಾದಾಗಿನಿಂದ ನಾನು ಎಷ್ಟು ತಿಣುಕಿದರೂ ನನ್ನಿಂದ ಒಂದು ಇಂಗ್ಲಿಷ್ ಪದ ಕಲಿಯದವಳು!

ಇರಲಿ, ನಾನೇನು ಕಡಿಮೆ ಎಂದು ಮಧ್ಯಾಹ್ನ ಸುಷ್ಮಾಳ ಪುಸ್ತಕ ತೆಗೆದೆ. ಅ, ಇ, ಉ, ಎ, ಒ. ಅರೆ, ನಮ್ಮದೇ ಸಾಲಿದ್ದಂಗಿದೆ! ಮಹಾ ಏನು? ಹಾಳೆ ತಿರುವಿದೆ. ಇಂಥ ಇನ್ನೂ ಎರಡು ಬಗೆಯ ಲಿಪಿಗಳಿವೆ ಎಂದು ಗೊತ್ತಾಯಿತು. ಪುಸ್ತಕ ಇದ್ದಲ್ಲೇ ಇಟ್ಟು ಪೇಪರ್ ಓದಿದೆ.

ಮಂಗಳವಾರ ಬಂತು. ಒಳಕೋಣೆಯಲ್ಲಿ ಸುಷ್ಮಾ ಲ್ಯಾಪ್‌ಟಾಪ್ ಮುಂದೆ. ಹೊರಗೆ ಡಬ್ಬಿಯ ಕಾವಲಿಗೆ ನಾನು. ಹೆಂಡತಿಯ ಅಪ್ಪಣೆ: "ಅದರ ಲೈಟಿನ ಮ್ಯಾಲ ನೆದರ ಇರ್ಲಿ. ಬ್ಯಾರೆ ಏನೂ ಮಾಡಬ್ಯಾಡ್ರಿ."

ನಾನು ಹುಟ್ಟಾ ಚಿಂತೆಯ ಮನುಷ್ಯ. ಲೈಟು ಸರಿಯಿದ್ದರೆ ಯಾಕೆ ಸರಿಯಿದೆ ಎಂದು ಚಿಂತೆ. ಪರದೆಯ ಸಂದಿಯಿಂದ ಇಣುಕಿದೆ. ಸುಷ್ಮಾ ಪಟಪಟ ಮಾತಾಡುತ್ತಿದ್ದಳು. ಮುಗಿಸಿದಳು. ಎದುರಿನ ಪ್ರೊಫೆಸರ್ ಮಾತಾಡಲಿಲ್ಲ. ಅಲ್ಲಾಡಲಿಲ್ಲ. ಕಣ್ಣು ಅರೆಮುಚ್ಚಿ ಕೂತೇ ಬಿಟ್ಟರು.

ನೀವೇ ಹೇಳಿ, ನಮ್ಮ ಸೀಮೆಯಲ್ಲಿ ಯಾರಾದರೂ ಹೀಗೆ ಕೂರುತ್ತಾರೆಯೇ? ನಮ್ಮಲ್ಲಿ ಎದುರಿನವರು ಮಾತು ಮುಗಿಸುವ ಮೊದಲೇ ಉತ್ತರ ಹೊರಟಿರುತ್ತದೆ. ಸುಮ್ಮನಾದರೆ ಒಂದೋ ಸಿಟ್ಟು, ಇಲ್ಲವೇ ನೆಟ್‌ವರ್ಕ್ ಹೋಗಿದೆ. ಮುಖದಲ್ಲಿ ಸಿಟ್ಟಿರಲಿಲ್ಲ. ಅಂದಮೇಲೆ?

ನಮ್ಮೂರಿನ ಏಕೈಕ ತಾಂತ್ರಿಕ ಚಿಕಿತ್ಸೆ ನಡೆಸಿದೆ. ವೈರು ಕಿತ್ತೆ. ಮತ್ತೆ ಹಾಕಿದೆ.

"ದೊಡ್ಡಪ್ಪಾ!"

ಆ ಕೂಗು ಕಣಗಲಾ ಊರಿನವರೆಗೂ ಕೇಳಿರಬೇಕು.

"ಲೈನ್ ಹೋಗಿತ್ತವಾ, ಅದಕ್ಕ..."

"ಎಲ್ಲಿ ಹೋಗಿತ್ತ್ರಿ? ಅವರು ವಿಚಾರ ಮಾಡಾಕತ್ತಿದ್ರು! ಅಲ್ಲೆ ಹಂಗs, ಮಾತಾಡೂಕಿಂತ ಮೊದಲ ವಿಚಾರ ಮಾಡ್ತಾರ!"

ಮಾತಾಡುವ ಮೊದಲು ವಿಚಾರ ಮಾಡುವ ಜನರೂ ಇದ್ದಾರೆಂದು ನನಗಾದರೂ ಹೇಗೆ ಗೊತ್ತಾಗಬೇಕು?

ಡಬ್ಬಿ ಮತ್ತೆ ಉಸಿರಾಡಿತು. ಪ್ರೊಫೆಸರ್ ಅಲ್ಲೇ ಇದ್ದರು, ಪುಣ್ಯ. ಸುಷ್ಮಾ ತಲೆಬಾಗಿ ಏನೋ ಹೇಳಿದಳು. ಮುಗಿಸಿ ಹೊರಬಂದಾಗ ಕೇಳಿದೆ, "ಏನಂದಿ ಅವರಿಗೆ?"

"ನಮ್ಮ ದೊಡ್ಡಪ್ಪಗ ಚಿಂತಿ ಭಾಳ, ನೀವು ಸುಮ್ಮ ಕುಂತದ್ದು ನೋಡಿ ಲೈನ್ ಹೋತಂತ ತಿಳದ್ರು ಅಂದ್ನಿ."

"ಅದಕ್ಕ ಅವರು?"

"ಸುಮ್ಮ ಕುಂತ್ರು."

ಸಂಜೆ ಷಡ್ಡಕನ ಫೋನು. "ಅಣ್ಣಾರ, ಬೇಕಂತ ಏನರ ಕಿತ್ತ್ರೋ ಹೆಂಗ?" ಎಂದು ನಕ್ಕ. ನಾನೂ ನಕ್ಕೆ. ಹೆಂಡತಿ ನಗಲಿಲ್ಲ.

"ಖರೆ ಹೇಳ್ರಿ. ವೈರ್ ಕೀಳೂಮುಂದ ನಿಮ್ಮ ಹೊಟ್ಟ್ಯಾಗ ಏನಿತ್ತು?"

"ಉಪ್ಪಿಟ್ಟು" ಎಂದೆ.

ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕೈ ಹೋದದ್ದು ಚಿಂತೆಯಿಂದಲೋ, ಕಿಚ್ಚಿನಿಂದಲೋ? ದೇವರಾಣೆ, ಚಿಂತೆಯಿಂದಲೇ. ಅಂತ ನಾನಂದುಕೊಂಡಿದ್ದೇನೆ. ಕೈಯನ್ನು ಕೇಳಿದರೆ ಅದೇನು ಹೇಳುತ್ತಿತ್ತೋ.

ಮರುವಾರ ಗೋಕಾಕದಲ್ಲಿ ಬಳಗದ ಮದುವೆ. ಊಟದ ಪಂಕ್ತಿಯಲ್ಲಿ ಪರಿಚಯವೇ ಇಲ್ಲದ ಅಜ್ಜಿಯೊಬ್ಬರು ನನ್ನತ್ತ ಬಾಗಿ, "ನೀವs ಅಲ್ಲನ್ರಿ, ಆ ಹುಡಗೀದು ವೈರ್ ಕಿತ್ತವರು?" ಎಂದರು. ಎರಡನೇ ಸಲದ ಬುಂದೆ ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದೆ.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಪಾಡು. ಅವಳು ಆಯ್ಕೆಯಾದರೆ ನನಗೆ ಹೊಟ್ಟೆಯುರಿ. ಆಗದಿದ್ದರೆ ಅವಳ ಓದು ನಿಂತು ಮದುವೆ, ಆ ಮದುವೆಯ ಪಂಕ್ತಿಯಲ್ಲೂ ವೈರಿನ ಮಾತು. ಆ ಹುಡುಗಿ ಜಪಾನಿಗೆ ಹೋಗಲಿ ಎಂದು ಹಡೆದವರಿಗಿಂತ ಹೆಚ್ಚು ಬೇಡಿಕೊಂಡವನು, ಅವಳು ಹೋಗುವುದನ್ನು ಎಲ್ಲರಿಗಿಂತ ಕಡಿಮೆ ಬಯಸಿದ್ದ ನಾನು! ದಿನಾ ಫೋನು ಮಾಡುತ್ತಿದ್ದೆ. "ಏನರ ಬಂತೇನವಾ?" "ಇಲ್ರಿ ದೊಡ್ಡಪ್ಪಾ, ಇನ್ನೂ ವಿಚಾರ ಮಾಡಾಕತ್ತಾರ." ಆ ದೇಶದವರ ವಿಚಾರ ಎಷ್ಟು ಉದ್ದ!

ಮೊನ್ನೆ ಬೆಳಿಗ್ಗೆ ಅವಳೇ ಮಾಡಿದಳು. "ದೊಡ್ಡಪ್ಪಾ, ಆತ್ರಿ. ಮೊದಲ ನಿಮಗs ಹೇಳಾಕತ್ತೇನಿ. ಅಪ್ಪಗೂ ಇನ್ನಾ ಹೇಳಿಲ್ಲ."

ಕುರ್ಚಿ ಹುಡುಕಿ ಕೂತೆ. ಕಣ್ಣು ಯಾಕೋ ಮಂಜಾಯಿತು. ಹೆಂಡತಿ ಸಕ್ಕರೆ ತಂದು ಬಾಯಿಗೆ ಹಾಕಿದಳು. ಎದೆಯ ಮೇಲಿನ ಕಲ್ಲು ಇಳಿದಂತಾಗಿ, ಆ ಹೊತ್ತು ನಾನು ಜಗತ್ತಿನ ಅತ್ಯಂತ ಒಳ್ಳೆಯ ದೊಡ್ಡಪ್ಪನಾಗಿದ್ದೆ.

ಸಕ್ಕರೆ ಕರಗುವವರೆಗೆ.

ಅಷ್ಟರಲ್ಲಿ ಅಪ್ಪನಿಗೂ ಸುದ್ದಿ ಮುಟ್ಟಿ, ಷಡ್ಡಕನ ವಾಟ್ಸಾಪ್ ಸ್ಟೇಟಸ್ ಬಂತು: ಮಗಳ ಫೋಟೋ, ಬಾಜೂಕ್ಕೆ ತನ್ನದೂ ಒಂದು, ಹಿಂದೆ ಜಪಾನಿನ ಬಾವುಟ. "ನೋಡ್ರಿ, ಎಷ್ಟು ಚಂದ ಐತಿ!" ಎಂದು ಹೆಂಡತಿ ಫೋನು ನನ್ನ ಮೂಗಿಗೇ ಹಿಡಿದಳು.

ಚಂದವೇ ಇದೆ. ಅವಳ ಸೀಟೂ ಭದ್ರವಾಯಿತು, ನನ್ನ ಮೇಲಿನ ಅಪವಾದವೂ ಕಳೆಯಿತು. ಇನ್ನಾದರೂ ನಾನು ನೆಮ್ಮದಿಯಿಂದ ಹೊಟ್ಟೆ ಉರಿಸಿಕೊಳ್ಳಬಹುದಲ್ಲವೇ?