ಆರು ಸಿಲಿಂಡರಿನ ಗಾಡಿ ಮತ್ತು ಡ್ರೈವರ್ ಬಡೇಸಾಬ

ಕೊಪ್ಪಳದಲ್ಲಿ ಮೋಟಾರು ಹೊಡೆಯಬಲ್ಲವರು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಬಡೇಸಾಬ ಅವರಲ್ಲೊಬ್ಬನಾಗಿದ್ದ. ಹುಟ್ಟಿದ್ದು ಗಂಗಾವತಿಯಲ್ಲಿ, ತಂದೆ ಜಟಕಾ ಹೊಡೆಯುವವ. ಮಗ ಕುಷ್ಟಗಿಯ ಬಸ್ಸಿನಲ್ಲಿ ಕ್ಲೀನರ್ ಆಗಿ ಸೇರಿ, ಬೈಸಿಕೊಂಡು, ಎಣ್ಣೆ ಒರೆಸಿ ಗಾಡಿ ಕಲಿತ. ಮಾತು ಕಡಿಮೆ. ಕೇಳಿದರೆ ಹೇಳುತ್ತಿದ್ದ, ಹೇಳಿದ್ದನ್ನು ಎದುರಿಗಿದ್ದವರ ಮುಖ ನೋಡಿ ಬದಲಿಸುತ್ತಿರಲಿಲ್ಲ. ಆ ಗುಣವೇ ಅವನಿಗೆ ಮುಳುವಾಯಿತು.

ಅವನ ಧಣಿ ಈಶಪ್ಪ ಹತ್ತಿ ವ್ಯಾಪಾರಿ. ಕೈಯಲ್ಲಿ ರೊಕ್ಕ ಆಡುತ್ತಿತ್ತು, ತಲೆಯಲ್ಲಿ ಸಂಶಯ ಆಡುತ್ತಿತ್ತು. ಊಟಕ್ಕೆ ಕೂತರೂ ಸಾರಿನ ತಳ ಕಲಕಿ ನೋಡುವ ಮನುಷ್ಯ. ಮೂವತ್ತೇಳನೇ ಇಸವಿಯಲ್ಲಿ ಅವನಿಗೆ ಓಟದ ಗಾಡಿ ಬೇಕೆನಿಸಿತು. ಬಡೇಸಾಬನನ್ನು ಕರೆದುಕೊಂಡು ಸಿಕಂದರಾಬಾದಿಗೆ ಹೋದ.

ಅಂಗಡಿಯಲ್ಲಿ ಒಂದೇ ಮೈಕಟ್ಟಿನ ಎರಡು ಗಾಡಿ ನಿಂತಿದ್ದವು. ಉದ್ದ ಮೂತಿ, ಇಬ್ಬರಿಗೆ ಮಾತ್ರ ಜಾಗ, ಮೇಲೆ ಚಾವಣಿಯಿಲ್ಲ. ವ್ಯತ್ಯಾಸ ಇದ್ದದ್ದು ಇಂಜಿನ್ನಿನಲ್ಲಿ: ಒಂದಕ್ಕೆ ನಾಲ್ಕು ಸಿಲಿಂಡರು, ಇನ್ನೊಂದಕ್ಕೆ ಆರು. ನಾಲ್ಕರದ್ದು ಒರಟು ಸಪ್ಪಳ ಮಾಡುತ್ತಿತ್ತು, ಏರಿನಲ್ಲಿ ಏದುಸಿರು ಬಿಡುತ್ತಿತ್ತು, ಆದರೆ ಹಗುರ, ಪೆಟ್ರೋಲು ಕಡಿಮೆ ಸಾಕು. ಆರರದ್ದು ರೇಷ್ಮೆಯಂತೆ ಓಡುತ್ತಿತ್ತು, ಕಾಲೂರಿದರೆ ಬಾಣ. ಆದರೆ ಮುಂಭಾರ, ಬೇಗ ಬಿಸಿಯಾಗುವ ಮೈ. ಬಡೇಸಾಬ ಎರಡನ್ನೂ ಓಡಿಸಿ ನೋಡಿ ಹೇಳಿದ:

“ಡಾಂಬರ್ ರಸ್ತಾ ಇದ್ರ ಆರರದ್ದು ರಾಜಾ ಐತ್ರಿ. ನಾವು ಹೋಗೂದು ಯಲಬುರ್ಗಿ ಎರಿ ಹೊಲದ ಕರಿ ಮಣ್ಣಿನ ದಾರ್ಯಾಗ. ಮೂತಿ ಭಾರ ಆದ್ರ ಹುಗೀತೈತಿ, ಬಿಸಲಾಗ ಕುದೀತೈತಿ. ನಾಕರದ್ದು ತಗೋರಿ, ಸಾವ್ಕಾರ್ರ.”

ಈಶಪ್ಪನ ಹುಬ್ಬು ಗಂಟಾಯಿತು. ಡ್ರೈವರನಾದವ ದೊಡ್ಡದನ್ನೇ ಬಯಸಬೇಕು, ಇವನೇಕೆ ಸಣ್ಣದನ್ನು ಹೊಗಳುತ್ತಾನೆ? ಅಂಗಡಿಯವ ಇವನಿಗೆ ಚಹಾ ಕೊಡಿಸಿದ್ದನ್ನು ತಾನು ಕಂಡಿರಲಿಲ್ಲವೇ? ಅಷ್ಟು ಸಾಕಾಯಿತು. ಆರು ಸಿಲಿಂಡರಿನದನ್ನೇ ಕೊಂಡು ತಂದ. ತನ್ನ ಹತ್ತಿ ಗಿರಣಿ ಮುಂದೆ ನಿಂತು, ಇದರೊಳಗೆ ಆರು ಎತ್ತು ಹೂಡಿಸಿದ್ದೇನೆಂದು ಊರಿಗೆಲ್ಲ ಹೇಳಿದ.

ಒಣ ಹಾದಿಯಲ್ಲಿ ಗಾಡಿ ನಿಜಕ್ಕೂ ಹಾರಿತು. ಬಡೇಸಾಬ ಅದನ್ನು ಒಪ್ಪಿ, ಎಳೆತಕ್ಕೆ ಇದರ ಸಮ ಇನ್ನೊಂದಿಲ್ಲ ಎಂದ. ಈಗೇಕೆ ಹೊಗಳುತ್ತಾನೆ ಎಂದು ಈಶಪ್ಪನಿಗೆ ಅದೂ ಸಂಶಯ. ಮುಂದೆ ಯಲಬುರ್ಗಿ ಕಡೆಯ ಮಂಗಳೂರೆಂಬ ಹಳ್ಳಿಯ ಹಾದಿಯಲ್ಲಿ ಅಡ್ಡಮಳೆ ಬಿದ್ದಾಗ ಮುಂದಿನ ಗಾಲಿ ಅಚ್ಚಿನವರೆಗೆ ಹುಗಿದವು. ಕುಷ್ಟಗಿಗೆ ಹೋಗುವಾಗ ನಡುಮಧ್ಯಾಹ್ನ ರೇಡಿಯೇಟರಿನ ನೀರು ಕುದಿಯಿತು. ಪ್ರತಿ ಸಲವೂ ಈಶಪ್ಪ ಗಾಡಿಯನ್ನು ನೋಡಲಿಲ್ಲ, ಡ್ರೈವರನ ಮುಖ ನೋಡಿದ. ತನ್ನ ಮಾತು ನಡೆಯಲಿಲ್ಲವೆಂದು ಬೇಕಂತಲೇ ಕೆಡಿಸುತ್ತಾನೆಂಬ ಮಾತು ಧಣಿಯ ಬಾಯಿಂದ ಹತ್ತಿ ಪೇಟೆಗೂ ಹೋಯಿತು.

ಇಂಥವನ ನೌಕರಿ ಬಿಟ್ಟು ಬಾ ಎಂದು ಹೆಂಡತಿ ಮುಮ್ತಾಜಬೇಗಂ ಹೇಳಿದಳು.

“ಗಾಡಿ ಕೆಡಸವ ಅನ್ನಿಸ್ಕೊಂಡು ಬಿಟ್ರ,” ಎಂದ ಬಡೇಸಾಬ, “ನಾಳೆ ನನ್ನ ಕೈಗೆ ಸ್ಟೇರಿಂಗ್ ಯಾರ್ ಕೊಡ್ತಾರ?”

ಗಂಗಾವತಿಯ ಅಕ್ಕಿ ವ್ಯಾಪಾರಿ ವಿರುಪಣ್ಣನ ಹತ್ತಿರ ನಾಲ್ಕು ಸಿಲಿಂಡರಿನ ಗಾಡಿ ಇತ್ತು. ಕಾರಹುಣ್ಣಿಮೆಗೆ ಎತ್ತು ಓಡುತ್ತವೆ, ನಾವೂ ಓಡೋಣವೆಂದು ಅವನು ಹೇಳಿಕಳಿಸಿದ. ಹಿಟ್ನಾಳದಿಂದ ಕೊಪ್ಪಳಕ್ಕೆ ಪಂದ್ಯ. ಬಡೇಸಾಬನಿಗೆ ಇದೇ ಬೇಕಿತ್ತು. ನೆಟ್ಟಗಿನ ಗಟ್ಟಿ ಹಾದಿ, ಬೆಳಗಿನ ತಂಪು. ಆರರ ಇಂಜಿನ್ ಗೆಲ್ಲುವ ಜಾಗ. ಗೆಲ್ಲಿಸಿಕೊಟ್ಟರೆ ತನ್ನ ಮೇಲಿನ ಹೊಲಸು ತೊಳೆದು ಹೋಗುತ್ತದೆಂದುಕೊಂಡ.

ಈಶಪ್ಪ ಮಾತ್ರ ಗಾಡಿಯನ್ನು ಎತ್ತಿನ ಕೊಟ್ಟಿಗೆಯಲ್ಲಿ ನಿಲ್ಲಿಸಿ, ಎತ್ತು ನೋಡಿಕೊಳ್ಳುವ ಓಬಳೆಪ್ಪನನ್ನು ಕಾವಲಿಗೆ ಹಾಕಿದ. ಬಡೇಸಾಬನ ನೆರಳೂ ಅದರ ಮೇಲೆ ಬೀಳಕೂಡದೆಂದು ಅಪ್ಪಣೆ. ಹುಣ್ಣಿಮೆಯ ಬೆಳಿಗ್ಗೆ ಬಡೇಸಾಬ ರೇಡಿಯೇಟರಿನ ಮುಚ್ಚಳ ತೆಗೆದು ನೀರು ನೋಡುತ್ತೇನೆಂದರೆ, ಧಣಿ ಅಡ್ಡ ನಿಂತು, ನೋಡುವುದು ತನ್ನ ಕೆಲಸ, ಹೊಡೆಯುವುದು ಅವನ ಕೆಲಸ ಎಂದ.

ಈಶಪ್ಪ ಪಕ್ಕದಲ್ಲಿ ಕೂತ, ತಂಪಿನಲ್ಲಿ ಮೆಲ್ಲಗೆ ಹಿಟ್ನಾಳ ಮುಟ್ಟಿದರು. ಪಂದ್ಯ ಶುರುವಾದ ಕೂಡಲೇ ಆರರ ಗಾಡಿ ಮುಂದಾಯಿತು. ವಿರುಪಣ್ಣ ಧೂಳಿನಲ್ಲಿ ಕಾಣದಾದ. ಅರ್ಧ ಹಾದಿ ಕಳೆಯುವುದರಲ್ಲಿ ಮೂತಿಯಿಂದ ಹಬೆ ಎದ್ದಿತು, ಇಂಜಿನ್ ಕಟಕಟ ಎಂದಿತು. ಬಡೇಸಾಬ ನಿಲ್ಲಿಸಿದ. ಓಡಿಸಿದ್ದರೆ ಇಂಜಿನ್ ಉಳಿಯುತ್ತಿರಲಿಲ್ಲ. ಹಿಂದಿನಿಂದ ವಿರುಪಣ್ಣ ತನ್ನ ಒರಟು ಸಪ್ಪಳದ ಗಾಡಿಯಲ್ಲಿ ಬಂದು, ಸಾವಕಾಶ ಮಾಡಿ, “ಈಶಪ್ಪ, ಚಹಾಕ್ಕ ಇಟ್ಟೀಯೇನ? ನನಗೂ ಒಂದ್ ಕಪ್ ಉಳಸು,” ಎಂದು ಮುಂದೆ ಹೋದ.

ಎತ್ತಿನ ಓಟ ನೋಡಲು ಹೊರಟಿದ್ದ ಜನ ಸುತ್ತ ನೆರೆದರು. ಈಶಪ್ಪ ಅವರೆದುರಿಗೇ ಬಡೇಸಾಬನ ಅಂಗಿ ಹಿಡಿದ. “ಏನ್ ಹಾಕೀದಿ ಇದರಾಗ?”

ಬಡೇಸಾಬ ಅವನ ಕೈ ಬಿಡಿಸಿಕೊಂಡು, ಇಂಜಿನ್ ಆರುವತನಕ ಕಾದು, ಬಟ್ಟೆ ಸುತ್ತಿ ಮುಚ್ಚಳ ತಿರುಗಿಸಿದ. ಒಳಗಿನಿಂದ ನೀರು ಬರಲಿಲ್ಲ. ಹಳದಿ ಅಂಬಲಿ ಉಕ್ಕಿತು. ಬೆಲ್ಲ, ಮೆಂತೆ, ಕುಸುಬಿ ಎಣ್ಣೆಯ ವಾಸನೆ ಹಾದಿ ತುಂಬಿತು. ಅಷ್ಟರಲ್ಲಿ ಗಾಡಿ ಎಳೆಯಲು ಹೇಳಿಕಳಿಸಿದ್ದ ಎತ್ತು ಹೊಡೆದುಕೊಂಡು ಓಬಳೆಪ್ಪ ಬಂದ. ಚೆಲ್ಲಿದ್ದನ್ನು ಕಂಡು ಅವನ ಮುಖ ಸಣ್ಣದಾಯಿತು.

“ಎಲ್ಲಾ ಕಕ್ಕಿಬಿಡ್ತೇನ್ರಿ?”

ಓಟದ ಎತ್ತಿಗೆ ಕಾರಹುಣ್ಣಿಮೆಯ ಬೆಳಿಗ್ಗೆ ಬಿದಿರಿನ ಗೊಟ್ಟದಲ್ಲಿ ಔಷಧ ಕುಡಿಸುವುದು ನಮ್ಮ ಕಡೆಯ ರೂಢಿ. ಕೊಟ್ಟಿಗೆಯಲ್ಲಿ ಇರುವುದಕ್ಕೆಲ್ಲ ಕುಡಿಸಿದೆ, ಬಡೇಸಾಬ ನೀರು ಹಾಕುತ್ತಿದ್ದ ಬಾಯಿ ತನಗೆ ಗೊತ್ತಿತ್ತು, ಒಳಗೆ ಆರಿವೆಯೆಂದು ಧಣಿಯೇ ಹೇಳಿದ್ದಕ್ಕೆ ಆರು ಎತ್ತಿನ ಪಾಲು ಹಾಕಿದೆ ಎಂದು ಅವನು ವಿವರಿಸಿದ. ಜನ ನಕ್ಕರು. ಈಶಪ್ಪ ನಗಲಿಲ್ಲ. ಓಬಳೆಪ್ಪನ ಹತ್ತಿರ ಬಾಗಿ ಕೇಳಿದ:

“ಇದನ್ನ ಹಾಕು ಅಂತ ಬಡೇಸಾಬ ಹೇಳಿದ್ನೇನು?”

ಬಡೇಸಾಬ ಆಗಲೇ ಮನಸ್ಸಿನಲ್ಲಿ ನೌಕರಿ ಬಿಟ್ಟ. ಆದರೆ ಹಾಗೇ ಎದ್ದು ಹೋಗಲಿಲ್ಲ. ಎತ್ತು ಎಳೆದು ತಂದ ಗಾಡಿಯನ್ನು ಪೇಟೆಯ ನಡುವೆ ನಿಲ್ಲಿಸಿಕೊಂಡು, ಹಗಲೆಲ್ಲ ಕೂತು, ಬಟ್ಟೆ ಒಗೆಯುವ ಸೋಡಾ ಕರಗಿಸಿದ ಬಿಸಿನೀರು ಹಾಕಿ ಹಾಕಿ ರೇಡಿಯೇಟರ್ ತೊಳೆದ. ಬಂದವರೆಲ್ಲ ನಿಂತು ನೋಡುವಂತೆ ನೋಡಿಕೊಂಡ. ಸಂಜೆ ಇಂಜಿನ್ ಮತ್ತೆ ರೇಷ್ಮೆಯ ದನಿ ಹೊರಡಿಸಿದಾಗ, ಪೇಟೆಯುದ್ದ ಒಂದು ಸುತ್ತು ಹೊಡೆದು, ಗಿರಣಿ ಮುಂದೆ ಜನರೆದುರಿಗೆ ಕೀಲಿ ಧಣಿಯ ಕೈಗಿಟ್ಟ.

“ಛಲೋ ಇದ್ದದ್ದು ಛಲೋ ಇಟ್ಟು ಕೊಟ್ಟೀನ್ರಿ. ಎಲ್ಲಾರೂ ನೋಡ್ಯಾರ.”

ಆ ವಾರದೊಳಗೇ ವಿರುಪಣ್ಣ ಕರೆಸಿ ತನ್ನ ಅಕ್ಕಿ ಲಾರಿಯ ಸ್ಟೇರಿಂಗ್ ಕೊಟ್ಟ. ಬಡೇಸಾಬ ಸಾಯುವತನಕ ಗಂಗಾವತಿಯಲ್ಲೇ ಗಾಡಿ ಹೊಡೆದ. ಈಶಪ್ಪನ ಗಾಡಿಗೆ ಆಮೇಲೆ ಡ್ರೈವರ್ ನಿಲ್ಲಲಿಲ್ಲ. ಲಡಾಯಿ ಬಂದು ಪೆಟ್ರೋಲು ಸಿಗದಂತಾಗುವವರೆಗೆ ತಾನೇ ಹೊಡೆದ, ಮುಚ್ಚಳ ತೆಗೆದು ಮೂಸಿ ನೋಡದೆ ಒಂದು ದಿನವೂ ಹತ್ತಲಿಲ್ಲ.